ಮನೆಯ ಸಂಗ್ರಹ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ: ಯಾದಗಿರಿ, ಶಹಾಪುರ, ಸುರಪುರದ ನೆಲೆಯಿಂದ

ಮನೆಮಂದಿಯ ಫೋಟೊ, ವಿಡಿಯೊ, ಕಾಗದಪತ್ರಗಳನ್ನೆಲ್ಲ ಒಂದೆಡೆ ಕೂಡಿಟ್ಟು, ಮನೆಯ ಯಾವ ಫೋನಿನಿಂದಲೂ ಯಾವ ಕಂಪ್ಯೂಟರಿನಿಂದಲೂ ತೆಗೆದು ನೋಡಲು ಒದಗಿಸುವ ಯಂತ್ರವೇ ಮನೆಯ ಸಂಗ್ರಹ ಸರ್ವರ್. ಅಂಗಡಿಯವರು ಇದನ್ನು ನ್ಯಾಸ್ ಎನ್ನುತ್ತಾರೆ. ಒಂದು ಹಳೆಯ ಕಂಪ್ಯೂಟರ್, ಎರಡು ಹಾರ್ಡ್ ಡಿಸ್ಕ್, ಒಂದು ರೂಟರ್ ಇದ್ದರೆ ಸಾಕು, ಯಂತ್ರ ತಯಾರು. ಅದರ ಮೇಲೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕೆಂಬುದೇ ಕಷ್ಟದ ಪ್ರಶ್ನೆ. ಡಿಸ್ಕ್ ಕೆಟ್ಟಾಗ, ಕರೆಂಟ್ ಹೋದಾಗ, ಯಂತ್ರವನ್ನು ಕಟ್ಟಿಕೊಟ್ಟವನು ಊರಲ್ಲಿ ಇಲ್ಲದಾಗ ಮಾಹಿತಿ ಉಳಿಯುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಆ ಆಯ್ಕೆಯಲ್ಲೇ ತೀರ್ಮಾನವಾಗಿರುತ್ತದೆ.

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿಯ ಮೂರು ಮುಖ್ಯ ಪಟ್ಟಣಗಳನ್ನು ಎದುರಿಗಿಟ್ಟುಕೊಂಡು ಈ ಲೇಖನ ಆ ಪ್ರಶ್ನೆಯನ್ನು ನೋಡುತ್ತದೆ. ಯಾದಗಿರಿ ಪಟ್ಟಣ ವಾಡಿ–ರಾಯಚೂರು ರೈಲು ಮಾರ್ಗದ ಮೇಲಿದೆ. ಶಹಾಪುರ, ಸುರಪುರಗಳಿಗೆ ರೈಲಿಲ್ಲ. ಡಿಸ್ಕ್ ಕೈಕೊಟ್ಟರೆ ಕೊರಿಯರ್‌ಗೆ ಕಾಯಬೇಕು, ಇಲ್ಲವೇ ಬಸ್ ಹತ್ತಿ ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ಹೈದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಬೆಂಗಳೂರಿನ ಎಸ್‌ಪಿ ರಸ್ತೆಯ ಮಾರುಕಟ್ಟೆಗಿಂತ ಬಹಳ ಹತ್ತಿರ. ಈ ದೂರವನ್ನು ಲೆಕ್ಕಕ್ಕೆ ಹಿಡಿಯದ ಸಲಹೆಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಯಾಕೆ ಬೇಕು

2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ ನಿಂತಿತು. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಮೇಲ್, ಫೋಟೊ, ಕಡತ ಎಲ್ಲವೂ ಅಡಕವಾಗಬೇಕು. ಮನೆಯಲ್ಲಿ ನಾಲ್ಕು ಫೋನಿದ್ದರೆ ಅದು ಬೇಗ ತುಂಬುತ್ತದೆ. ಮದುವೆ ಚಿತ್ರೀಕರಿಸುವ ಸ್ಟುಡಿಯೊಗಳ ಗಾತ್ರವೇ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಮುದ್ರಿಸುವ 4ಕೆ ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬಿಸುತ್ತದೆ. ಎರಡು ಕ್ಯಾಮೆರಾ ತಲಾ ನಾಲ್ಕು ಗಂಟೆ ಓಡಿದರೆ ಒಂದೇ ಮದುವೆಗೆ 360 ಜಿಬಿ. ಲಗ್ನದ ಹಂಗಾಮು ಮುಗಿಯುವ ಹೊತ್ತಿಗೆ ಹೊಸ ಡಿಸ್ಕ್ ಬೇಕಾಗುತ್ತದೆ.

ಇವೆರಡರ ಆಚೆ ಮೂರನೆಯದೊಂದಿದೆ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸುರಪುರ ನಾಯಕರ ಕಾಲದ ಕಾಗದಪತ್ರಗಳ ಪ್ರತಿ, ಸುರಪುರ ಶೈಲಿಯ ಚಿತ್ರಗಳ ಛಾಯಾಚಿತ್ರ, ಶಹಾಪುರದ ಪಕ್ಕದ ವಿಭೂತಿಹಳ್ಳಿಯ ಸಾಲುಗಲ್ಲುಗಳು, ರಾಜನಕೋಳೂರಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಮನೆಗಳು, ಯಾದಗಿರಿ ಕೋಟೆಯ ಶಾಸನಗಳು, ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳ ಧ್ವನಿಮುದ್ರಣ ಇಂಥವನ್ನು ಸ್ವಂತ ಆಸಕ್ತಿಯಿಂದ ಕೂಡಿಹಾಕುವವರು ಈ ಸೀಮೆಯ ಶಾಲಾಶಿಕ್ಷಕರಲ್ಲಿ, ಸಾಹಿತ್ಯಾಸಕ್ತರಲ್ಲಿ ಇದ್ದಾರೆ. ಸಿನಿಮಾ ಕಳೆದರೆ ಮತ್ತೆ ಸಿಗುತ್ತದೆ, ಇವು ಸಿಗುವುದಿಲ್ಲ. ಆದ್ದರಿಂದ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ ಆಯ್ಕೆ ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಯಂತ್ರ ಸುಟ್ಟುಹೋಯಿತು ಎಂದಿಟ್ಟುಕೊಳ್ಳೋಣ, ಡಿಸ್ಕ್ ಕಳಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿರುವುದನ್ನು ಓದಲು ಬರುತ್ತದೆಯೇ? ಚಂದದ ಪರದೆ, ನೂರಾರು ಆ್ಯಪ್, ವೇಗದ ಅಂಕಿಗಳೆಲ್ಲ ಈ ಪ್ರಶ್ನೆಯ ನಂತರದ ಮಾತು.

ಬೆಳೆದು ಬಂದ ಬಗೆ

ಒಂದು ಕಂಪ್ಯೂಟರಿನ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್ ತನ್ನದೆಂಬಂತೆ ಬಳಸುವ ಏರ್ಪಾಡು 1980ರ ದಶಕದ್ದು. ವಿಂಡೋಸ್ ಯಂತ್ರಗಳು ಇಂದಿಗೂ ಆಡುವ ಎಸ್‌ಎಂಬಿ ಭಾಷೆ ಐಬಿಎಂನಲ್ಲಿ ಹುಟ್ಟಿತು. ಯುನಿಕ್ಸ್ ಜಗತ್ತಿನ ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಹೊರತಂದಿತು. ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಸಾಂಬಾ ತಂತ್ರಾಂಶ ಬಂದ ಮೇಲೆ, ಲಿನಕ್ಸ್ ಯಂತ್ರವೂ ವಿಂಡೋಸ್ ಜತೆ ಅದರದೇ ಭಾಷೆಯಲ್ಲಿ ಮಾತಾಡತೊಡಗಿತು. ಇಂದಿನ ಮನೆಯ ಸರ್ವರ್‌ಗಳಲ್ಲಿ ಬಹುಪಾಲಿನ ಒಳಗೆ ದುಡಿಯುತ್ತಿರುವುದು ಸಾಂಬಾವೇ.

ಮನೆಗೆಂದೇ ರೂಪಿಸಿದ ವ್ಯವಸ್ಥೆಗಳು 2005ರ ಆಸುಪಾಸಿನಲ್ಲಿ ಬಂದವು. ಆ ವರ್ಷ ಫ್ರಾನ್ಸಿನ ಒಲಿವಿಯೇ ಕೊಶಾರ್-ಲಬೆ ಫ್ರೀಬಿಎಸ್‌ಡಿ ಆಧಾರದ ಫ್ರೀನ್ಯಾಸ್ ಆರಂಭಿಸಿದರು. ಮುಂದೆ ಅದು ಐಎಕ್ಸ್‌ಸಿಸ್ಟಮ್ಸ್ ಕಂಪನಿಯ ಕೈಗೆ ಹೋಯಿತು, 2020ರಲ್ಲಿ ಟ್ರೂನ್ಯಾಸ್ ಎಂಬ ಹೆಸರು ಪಡೆಯಿತು, 2022ರ ಫೆಬ್ರವರಿಯಲ್ಲಿ ಡೆಬಿಯನ್ ಲಿನಕ್ಸ್ ಮೇಲೆ ನಿಂತ ಹೊಸ ಕವಲನ್ನು ಬಿಡುಗಡೆ ಮಾಡಿತು. ಈಗ ಕಂಪನಿಯ ಗಮನವೆಲ್ಲ ಲಿನಕ್ಸ್ ಕವಲಿನ ಮೇಲಿದೆ. ಫ್ರೀಬಿಎಸ್‌ಡಿ ಕವಲು ಬರೀ ನಿರ್ವಹಣೆಯ ಸ್ಥಿತಿಯಲ್ಲಿದೆ, ಹೊಸದಾಗಿ ಕಟ್ಟುವವರು ಅದನ್ನು ಹಿಡಿಯಬೇಕಾಗಿಲ್ಲ. ಫ್ರೀನ್ಯಾಸ್ ಬಳಗದಲ್ಲಿದ್ದ ಫೋಲ್ಕರ್ ಥೈಲೆ ಡೆಬಿಯನ್ ಕಡೆ ಹೊರಳಿ ಕಟ್ಟಿದ ಓಪನ್‌ಮೀಡಿಯಾವಾಲ್ಟ್ 2011ರಲ್ಲಿ ಹೊರಬಂತು. ಅಮೆರಿಕದ ಲೈಮ್ ಟೆಕ್ನಾಲಜಿಯ ಅನ್‌ರೇಡ್ ಸಹ 2005ರಲ್ಲೇ ಶುರುವಾದದ್ದು.

ಮೈಕ್ರೋಸಾಫ್ಟ್‌ನ ಪ್ರಯತ್ನ ಮಾತ್ರ ಪಾಠವಾಗುವಂಥದ್ದು. 2007ರಲ್ಲಿ ಬಂದ ವಿಂಡೋಸ್ ಹೋಮ್ ಸರ್ವರ್ ಬೇರೆಬೇರೆ ಗಾತ್ರದ ಡಿಸ್ಕ್‌ಗಳನ್ನು ಒಂದೇ ಕಣಜವಾಗಿ ಕಾಣಿಸುವ ಡ್ರೈವ್ ಎಕ್ಸ್‌ಟೆಂಡರ್ ಎಂಬ ಸೌಲಭ್ಯ ತಂದಿತ್ತು. ಕೆಲವು ಪ್ರೋಗ್ರಾಂಗಳಿಂದ ನೇರವಾಗಿ ಸರ್ವರ್ ಮೇಲಿನ ಫೈಲ್ ತಿದ್ದಿದರೆ ಫೈಲೇ ಕೆಡುತ್ತದೆಂಬುದು ಅದೇ ವರ್ಷದ ಕೊನೆಗೆ ಬಯಲಾಯಿತು. ಪರಿಹಾರ ಬಂದದ್ದು 2008ರ ಜುಲೈಯಲ್ಲಿ. 2011ರ ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಿದರು, ಅದರ ನಂತರ ಉತ್ಪನ್ನವೇ ನಿಂತಿತು. ಮಾಹಿತಿಯನ್ನು ಒಂದೇ ಕಂಪನಿಯ ಗುಟ್ಟಿನ ವಿನ್ಯಾಸದಲ್ಲಿ ಇಟ್ಟವರು ಆ ಕಂಪನಿ ಮನಸ್ಸು ಬದಲಿಸಿದ ದಿನ ಎಲ್ಲವನ್ನೂ ಬೇರೆಡೆಗೆ ಸಾಗಿಸಬೇಕಾಗುತ್ತದೆ.

ಕರೆಂಟು ಮತ್ತು ಬಿಸಿಲು

ಜಿಲ್ಲೆಗೆ ವಿದ್ಯುತ್ ಕೊಡುವುದು ಕಲಬುರಗಿಯ ಜೆಸ್ಕಾಂ. ಬೇಸಿಗೆಯ ಸಂಜೆ ಗಾಳಿಮಳೆ ಬಂದಾಗ ಲೈನ್ ಹೋಗಿಬರುವುದು ಇಲ್ಲಿಯ ನಿತ್ಯಾನುಭವ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಚಿಂತೆಯಿಲ್ಲ ಎಂದು ಹಲವರು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಕಂಪ್ಯೂಟರಿನ ಪವರ್ ಸಪ್ಲೈ ಒಳಬರುವ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಸಾಮಾನ್ಯ ಸ್ಥಿತಿಯಲ್ಲಿಟ್ಟ ಇನ್ವರ್ಟರ್ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು, ಫ್ಯಾನು ದೀಪಗಳಿಗೆ ಅದು ಗೊತ್ತೇ ಆಗುವುದಿಲ್ಲ, ಸರ್ವರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಸ್ಥಿತಿಗೆ ತಿರುಗಿಸಿದರೆ ಈ ತೊಂದರೆ ಬಹುತೇಕ ಕಡಿಮೆಯಾಗುತ್ತದೆ.

ಉಳಿಯುವ ತೊಂದರೆ ಇನ್ನೊಂದು. ಬ್ಯಾಟರಿ ಬರಿದಾಗುತ್ತಿದೆ ಎಂಬ ಸುದ್ದಿಯನ್ನು ಮನೆಯ ಇನ್ವರ್ಟರ್ ಸರ್ವರ್‌ಗೆ ಹೇಳುವುದಿಲ್ಲ. ಯುಎಸ್‌ಬಿ ತಂತಿಯುಳ್ಳ ಸಣ್ಣ ಯುಪಿಎಸ್ ಹೇಳುತ್ತದೆ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ ಆ ಸುದ್ದಿ ಕೇಳಿ, ಬರೆಯುತ್ತಿದ್ದುದನ್ನು ಮುಗಿಸಿ, ಯಂತ್ರವನ್ನು ಕ್ರಮವಾಗಿ ಆರಿಸುತ್ತದೆ. ಟ್ರೂನ್ಯಾಸ್‌ನಲ್ಲಿ ಇದು ಮೊದಲಿಂದಲೇ ಇದೆ, ಓಪನ್‌ಮೀಡಿಯಾವಾಲ್ಟ್‌ನಲ್ಲಿ ಪ್ಲಗಿನ್ ಹಾಕಿಕೊಂಡರೆ ಬರುತ್ತದೆ. ಈ ಸೀಮೆಯಲ್ಲಿ ಆಪರೇಟಿಂಗ್ ಸಿಸ್ಟಂ ತೂಗುವಾಗ ಈ ಒಂದು ಅನುಕೂಲಕ್ಕೆ ಸಿನಿಮಾ ತೋರಿಸುವ ಹತ್ತು ಆ್ಯಪ್‌ಗಳಿಗಿಂತ ಹೆಚ್ಚು ಬೆಲೆ ಕಟ್ಟಬೇಕು. ಕರೆಂಟ್ ಮರಳಿದಾಗ ಯಂತ್ರ ತಾನಾಗಿ ಏಳುವಂತೆ ಬಯಾಸ್‌ನಲ್ಲೂ ಹೊಂದಿಸಿಡಬೇಕು. ಹಳೆಯ ಕಂಪ್ಯೂಟರಾದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಬದಲಿಸುವುದು ಒಳ್ಳೆಯದು. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಬಂದಾಗಲೂ ಯಂತ್ರ ಯಾರಾದರೂ ಕೀ ಒತ್ತಲಿ ಎಂದು ಕಾಯುತ್ತ ನಿಲ್ಲುತ್ತದೆ. ಮಗ ಪುಣೆಯಲ್ಲೋ ಬೆಂಗಳೂರಲ್ಲೋ ಇದ್ದು ಮನೆಯಲ್ಲಿ ಹಿರಿಯರಷ್ಟೇ ಇರುವಾಗ ಅದು ದಿನಗಟ್ಟಲೆ ಹಾಗೇ ನಿಂತಿರುತ್ತದೆ.

ಬಿಲ್ಲಿನ ಲೆಕ್ಕವನ್ನೂ ಮಾಡಬೇಕು. 25 ವಾಟ್ ನುಂಗುವ ಸರ್ವರ್ ತಿಂಗಳಿಗೆ 18 ಯೂನಿಟ್ ಬಳಸುತ್ತದೆ. 60 ವಾಟ್‌ನ ಹಳೆಯ ಡೆಸ್ಕ್‌ಟಾಪ್ 43 ಯೂನಿಟ್ ದಾಟುತ್ತದೆ. 2023ರ ಜುಲೈಯಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಗದಿಯಾಗುವುದು ಆ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿ, 200 ಯೂನಿಟ್ ಮಿತಿಯೊಳಗೆ. ಹೊಸದಾಗಿ ಬಂದ ಸರ್ವರ್ ಆ ಹಳೆಯ ಸರಾಸರಿಯಲ್ಲಿ ಇರುವುದಿಲ್ಲವಾದ್ದರಿಂದ ಅದರ ಯೂನಿಟ್ಟುಗಳಿಗೆ ದುಡ್ಡು ಕಟ್ಟಬೇಕಾಗಬಹುದು. ಒಟ್ಟು 200 ಮೀರಿದರೆ ಇಡೀ ಬಿಲ್ಲೇ ಬರುತ್ತದೆ. ಬಳಕೆ ಇಲ್ಲದಾಗ ಡಿಸ್ಕ್ ತಿರುಗುವುದನ್ನು ನಿಲ್ಲಿಸಬಲ್ಲ ವ್ಯವಸ್ಥೆಗಳಿಗೆ ಇಲ್ಲಿ ಒಂದು ಅಂಕ ಹೆಚ್ಚು ಕೊಡಬಹುದು. ಅನ್‌ರೇಡ್ ಹಾಗೂ ಮುಂದೆ ಹೇಳುವ ಸ್ನ್ಯಾಪ್‌ರೇಡ್ ಮಾದರಿಯಲ್ಲಿ ಬೇಕಾದ ಒಂದೇ ಡಿಸ್ಕ್ ಎಚ್ಚರಗೊಳ್ಳುತ್ತದೆ. ಟ್ರೂನ್ಯಾಸ್ ಬಳಸುವ ಜೆಡ್‌ಎಫ್‌ಎಸ್ ಫೈಲ್ ಸಿಸ್ಟಂನ ಕಣಜದಲ್ಲಿ ಎಲ್ಲವೂ ಒಟ್ಟಿಗೆ ಏಳುತ್ತವೆ.

ಬಿಸಿಲು ಎರಡನೆಯ ಪರೀಕ್ಷೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರುಗಳಿವು. ಮೇಲ್ಮಹಡಿಯ ಕೋಣೆ ರಾತ್ರಿಯಲ್ಲೂ ಕಾಯ್ದಿರುತ್ತದೆ. ತಿರುಗುವ ಡಿಸ್ಕ್ ಕೋಣೆಗಿಂತ ಹತ್ತು ಡಿಗ್ರಿಯಾದರೂ ಹೆಚ್ಚು ಬಿಸಿ. ಹೆಚ್ಚಿನ ಡಿಸ್ಕ್‌ಗಳಿಗೆ ತಯಾರಕರು ಹಾಕಿರುವ ಮೇಲಿನ ಗೆರೆ 60 ಡಿಗ್ರಿ. ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಬಿಸಿಗೂ ಡಿಸ್ಕ್ ಸಾವಿಗೂ ಎಣಿಸಿದಷ್ಟು ನಂಟು ಕಾಣಲಿಲ್ಲ, ನಿಜ. ಆದರೆ ಅದು ತಂಪು ಮಾಡಿದ ಕೇಂದ್ರಗಳ ಲೆಕ್ಕ, ಅಲ್ಲೂ ಹಳೆಯ ಡಿಸ್ಕ್‌ಗಳು ಹೆಚ್ಚು ಬಿಸಿಯಲ್ಲಿ ಬೇಗ ಕೆಟ್ಟವು. ಅದನ್ನು ನೆಚ್ಚಿ ಶಹಾಪುರದ ತಾರಸಿ ಕೋಣೆಯಲ್ಲಿ ಸರ್ವರ್ ಇಡುವುದು ಸರಿಯಲ್ಲ. ನೆಲಮಹಡಿಯ ನಡುಮನೆ, ಗೋಡೆಯಿಂದ ಗೇಣು ದೂರ, ಧೂಳು ತಡೆಯುವ ಜಾಳಿಗೆ ಇಷ್ಟಿರಲಿ. ಹತ್ತಿ ಬಿಡಿಸುವ ಕಾಲದಲ್ಲಿ ಆ ಜಾಳಿಗೆಯನ್ನು ಆಗಾಗ ಕೊಡವಬೇಕು. ಆಪರೇಟಿಂಗ್ ಸಿಸ್ಟಂ ಮಾಡಬೇಕಾದ ಕೆಲಸ, ಡಿಸ್ಕಿನ ಬಿಸಿಯನ್ನು ಓದಿ ಗೆರೆ ದಾಟಿದಾಗ ಫೋನಿಗೆ ಸುದ್ದಿ ಕಳಿಸುವುದು.

ಎಸ್‌ಎಸ್‌ಡಿ ಹಾಕಿದರೆ ಬಿಸಿಯ ತಂಟೆ ತಪ್ಪುತ್ತದೆಂದು ಕೆಲವರು ಹೇಳುತ್ತಾರೆ. ಓಡುತ್ತಿರುವಾಗ ಅದು ಸರಿ. ಕಪಾಟಿನಲ್ಲಿ ಎತ್ತಿಡುವ ಪ್ರತಿಗೆ ಎಸ್‌ಎಸ್‌ಡಿ ಒಗ್ಗುವುದಿಲ್ಲ. ಜೆಡೆಕ್ ಸಂಸ್ಥೆಯ ಮಾನದಂಡದಂತೆ, ಬರೆಯುವ ಆಯಸ್ಸು ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ ಮಾಹಿತಿ ಹಿಡಿದಿಡಬೇಕಾದದ್ದು 30 ಡಿಗ್ರಿಯಲ್ಲಿ ಒಂದು ವರ್ಷ ಮಾತ್ರ. ಬಿಸಿ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ.

ಡಿಸ್ಕಿನ ಮೇಲಿನ ಬರವಣಿಗೆ

ಆಪರೇಟಿಂಗ್ ಸಿಸ್ಟಂ ಆರಿಸುವುದೆಂದರೆ ಬಹಳ ಮಟ್ಟಿಗೆ ಅದರ ಫೈಲ್ ಸಿಸ್ಟಂ ಆರಿಸುವುದೇ. ಲಿನಕ್ಸ್‌ನ ಹಳೆಯ ನಂಬುಗೆಯ ಎಕ್ಸ್ಟ್4 ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಕರೆಂಟ್ ಹೋದರೂ ರಚನೆ ಕೆಡದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಫೈಲಿನ ಒಳಗಿನ ಒಂದು ಬಿಟ್ ಡಿಸ್ಕಿನಲ್ಲಿ ತಾನಾಗಿ ಹೊರಳಿದರೆ ಅದಕ್ಕೆ ತಿಳಿಯುವುದಿಲ್ಲ. ಹತ್ತು ವರ್ಷದ ಹಿಂದಿನ ಫೋಟೊ ತೆಗೆದಾಗ ಅರ್ಧ ಬೂದುಬಣ್ಣದ ಪಟ್ಟಿಯಾಗಿ ಕಾಣುವುದಕ್ಕೆ ಒಂದು ಕಾರಣ ಇಂಥ ಸದ್ದಿಲ್ಲದ ಕೇಡು.

ಜೆಡ್‌ಎಫ್‌ಎಸ್ ಹುಟ್ಟಿದ್ದೇ ಇದನ್ನು ತಡೆಯಲು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಆರಂಭಿಸಿದ ಇದರ ಮೂಲ 2005ರಲ್ಲಿ ಎಲ್ಲರಿಗೂ ತೆರೆಯಿತು. ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾದ ಮೇಲೆ ಮುಕ್ತ ಕವಲನ್ನು 2013ರಿಂದ ಓಪನ್‌ಜೆಡ್‌ಎಫ್‌ಎಸ್ ಬಳಗ ನಡೆಸಿಕೊಂಡು ಬಂದಿದೆ. ಬರೆದ ಪ್ರತಿ ತುಣುಕಿಗೂ ಇದು ಒಂದು ತಾಳೆಸಂಖ್ಯೆ ಇಟ್ಟುಕೊಳ್ಳುತ್ತದೆ. ಓದುವಾಗ ತಾಳೆ ತಪ್ಪಿದರೆ ಜೋಡಿ ಡಿಸ್ಕಿನಿಂದ ಸರಿಯಾದದ್ದನ್ನು ತಂದು ಕೆಟ್ಟದ್ದನ್ನು ತಾನೇ ತಿದ್ದುತ್ತದೆ. ಹಳೆಯದರ ಮೇಲೆ ಎಂದೂ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು ಮುಗಿಸಿದ ಮೇಲಷ್ಟೇ ಗುರುತು ಬದಲಿಸುವುದರಿಂದ, ನಡುವೆ ಕರೆಂಟ್ ಹೋದರೆ ಕೊನೆಯ ಕೆಲ ಸೆಕೆಂಡುಗಳ ಕೆಲಸ ಹೋಗಬಹುದೇ ಹೊರತು ಕಣಜ ಒಡೆಯುವುದಿಲ್ಲ. ಪದೇ ಪದೇ ಲೈನ್ ಹೋಗುವ ಊರಿಗೆ ಇದು ಹೇಳಿ ಮಾಡಿಸಿದ ಗುಣ. ಯಾವುದೋ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡುವುದೂ ಇದರಲ್ಲಿ ಸುಲಭ. ಸುಲಿಗೆ ವೈರಸ್ ಫೈಲ್‌ಗಳಿಗೆಲ್ಲ ಬೀಗ ಹಾಕಿದರೂ ನಿನ್ನೆಯ ಸ್ಥಿತಿಗೆ ಮರಳಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಜೆಡ್‌ಎಫ್‌ಎಸ್ ಮೇಲೆ ನಿಂತ ಟ್ರೂನ್ಯಾಸ್ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ಆಪರೇಟಿಂಗ್ ಸಿಸ್ಟಂ ಕೂರುವ ಡಿಸ್ಕಿನಲ್ಲಿ ಮಾಹಿತಿ ಇಡಲು ಬಿಡುವುದಿಲ್ಲ. ಯುಎಸ್‌ಬಿ ಮೂಲಕ ಹೊರಗಿನಿಂದ ಸಿಕ್ಕಿಸಿದ ಡಿಸ್ಕ್‌ಗಳ ಮೇಲೆ ಕಣಜ ಕಟ್ಟುವುದನ್ನು ಬಲ್ಲವರು ಒಪ್ಪುವುದಿಲ್ಲ. ತಂತಿ ಒಂದು ಕ್ಷಣ ಅಲುಗಿದರೂ ಡಿಸ್ಕ್ ಕಳಚಿಬಿತ್ತೆಂದು ಅದು ಭಾವಿಸುತ್ತದೆ. ಹಲವು ಡಿಸ್ಕ್‌ಗಳಿಗೆ ಮಾಹಿತಿ ಹಂಚಿಡುವ ರೇಡ್-ಜೆಡ್ ಮಾದರಿಯ ಕಣಜಕ್ಕೆ ಒಂದೊಂದೇ ಡಿಸ್ಕ್ ಸೇರಿಸುತ್ತ ಹೋಗುವುದು ಬಹುಕಾಲ ಆಗದ ಮಾತಾಗಿತ್ತು, 2025ರ ಜನವರಿಯ ಓಪನ್‌ಜೆಡ್‌ಎಫ್‌ಎಸ್ 2.3 ಆವೃತ್ತಿಯಲ್ಲಿ ಆ ಅನುಕೂಲ ಬಂದಿದೆ. ಡಿಸ್ಕ್ ಕೊಳ್ಳುವಾಗ ಅಂಗಡಿಯವರನ್ನು ಕೇಳಲೇಬೇಕಾದ ಮಾತೊಂದಿದೆ: ಇದು ಎಸ್‌ಎಂಆರ್ ತಂತ್ರದ್ದೋ ಸಿಎಂಆರ್ ತಂತ್ರದ್ದೋ? ಪಥಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ಎಸ್‌ಎಂಆರ್ ಡಿಸ್ಕ್‌ನಲ್ಲಿ ಕೆಟ್ಟ ಡಿಸ್ಕಿನ ಬದಲಿ ತುಂಬಿಸುವ ಕೆಲಸ ಅತಿ ನಿಧಾನವಾಗಿ ಸಾಗುತ್ತದೆ, ಕೆಲವೊಮ್ಮೆ ನಡುವೆಯೇ ನಿಲ್ಲುತ್ತದೆ. ನ್ಯಾಸ್‌ಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ರೆಡ್ ಸಾಲಿನ ಕೆಲವು ಡಿಸ್ಕ್‌ಗಳಲ್ಲೂ ಈ ತಂತ್ರವಿದೆ ಎಂಬುದು 2020ರ ಏಪ್ರಿಲ್‌ನಲ್ಲಿ ಹೊರಬಿದ್ದು ದೊಡ್ಡ ಗದ್ದಲವಾಗಿತ್ತು.

ಬಿಟಿಆರ್‌ಎಫ್‌ಎಸ್ ಲಿನಕ್ಸ್‌ನ ಒಳಗೇ ಬೆಳೆದದ್ದು. 2007ರಲ್ಲಿ ಕ್ರಿಸ್ ಮೇಸನ್ ಆರಂಭಿಸಿದ್ದು 2009ರಲ್ಲಿ ಲಿನಕ್ಸ್ ಮೂಲದೊಳಗೆ ಸೇರಿತು. ತಾಳೆಸಂಖ್ಯೆ, ಸ್ನ್ಯಾಪ್‌ಶಾಟ್ ಎರಡೂ ಇವೆ, ರ‍್ಯಾಮ್ ಕಡಿಮೆ ಸಾಕು. ಎರಡು ಡಿಸ್ಕ್‌ಗಳ ಕನ್ನಡಿ ಜೋಡಿಗೆ ಚೆನ್ನಾಗಿದೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಹೆಣೆಯುವ ಇದರ ರೇಡ್ 5, 6 ಮಾದರಿಗಳನ್ನು ಮಾತ್ರ ಬಳಸಬಾರದು. ಬರೆಯುವ ನಡುವೆ ಕರೆಂಟ್ ಹೋದರೆ ಸಂಭವಿಸುವ ದೋಷದ ಬಗ್ಗೆ ಅದನ್ನು ಬರೆದವರೇ ಎಚ್ಚರಿಸಿದ್ದಾರೆ.

ವರ್ಷಕ್ಕೆ ಹಲವು ಬಾರಿ ಇಡೀ ಡಿಸ್ಕ್ ಓದಿ ತಾಳೆ ನೋಡುವ ಸ್ಕ್ರಬ್ ಕೆಲಸ ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎರಡಕ್ಕೂ ಬೇಕು. ತುಂಬಿದ 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೂ ಏಳು ಗಂಟೆಗೂ ಹೆಚ್ಚು ಬೇಕು, ಅಷ್ಟು ಹೊತ್ತೂ ಡಿಸ್ಕ್ ಬಿಸಿಯಾಗಿರುತ್ತದೆ. ಬೇಸಿಗೆಯಲ್ಲಿ ಅದನ್ನು ನಡುರಾತ್ರಿಯ ನಂತರಕ್ಕೆ ಹಾಕಿ.

ಯಾರಿಗೆ ಯಾವುದು

ಹಳೆಯ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ಎರಡು ಡಿಸ್ಕ್, ಮನೆಯವರ ಫೋಟೊ ಮತ್ತು ದಾಖಲೆ, ಈ ಸೀಮೆಯ ಹೆಚ್ಚಿನ ಮನೆಗಳ ಅಗತ್ಯ ಇಷ್ಟೇ ಆಗಿದ್ದರೆ ಓಪನ್‌ಮೀಡಿಯಾವಾಲ್ಟ್ ಸರಿಯಾದ ಆಯ್ಕೆ. ಅದು ಒಳಗೆ ಅಪ್ಪಟ ಡೆಬಿಯನ್. 1 ಜಿಬಿ ರ‍್ಯಾಮ್‌ನಲ್ಲೂ ಏಳುತ್ತದೆ, ನಿರ್ವಹಣೆ ಬ್ರೌಸರ್‌ನಲ್ಲಿ ನಡೆಯುತ್ತದೆ, ಡಿಸ್ಕ್‌ಗಳ ಮೇಲೆ ಇರುವುದು ಎಕ್ಸ್ಟ್4 ಅಥವಾ ಬಿಟಿಆರ್‌ಎಫ್‌ಎಸ್. ನಾಳೆ ಆ ಯಂತ್ರ ಸತ್ತರೆ ಉಬುಂಟು ತುಂಬಿದ ಪೆನ್ ಡ್ರೈವ್ ಸಿಕ್ಕಿಸಿ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಡಿಸ್ಕ್ ತೆರೆಯಬಹುದು. ಯಾದಗಿರಿಯ ಯಾವುದೇ ಪಾಲಿಟೆಕ್ನಿಕ್ ಓದಿದ ಹುಡುಗ ಇದನ್ನು ಮಾಡಿಕೊಡಬಲ್ಲ, ಮತ್ತು ಆ ಹುಡುಗ ಪಕ್ಕದ ಓಣಿಯಲ್ಲೇ ಸಿಗುತ್ತಾನೆ ಎಂಬುದೇ ಇದರ ದೊಡ್ಡ ಶಕ್ತಿ. ಬರೀ ಡೆಬಿಯನ್ ಹಾಕಿ ಸಾಂಬಾವನ್ನು ಕೈಯಾರೆ ಹೊಂದಿಸುವುದು ಕಲಿಯಬಯಸುವವರಿಗೆ ಇನ್ನೂ ಒಳ್ಳೆಯದು. ಡೆಬಿಯನ್ನಿನ ಸ್ಥಾಪನಾ ಪರದೆಯಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು.

ಸ್ಟುಡಿಯೊ ನಡೆಸುವವರಿಗೆ, ಹಸ್ತಪ್ರತಿ ಅಥವಾ ಧ್ವನಿಮುದ್ರಣಗಳ ಸಂಗ್ರಹ ಇಟ್ಟುಕೊಂಡವರಿಗೆ ಟ್ರೂನ್ಯಾಸ್. 16 ಜಿಬಿ ರ‍್ಯಾಮ್, ಸಿಎಂಆರ್ ಡಿಸ್ಕ್‌ಗಳ ಕನ್ನಡಿ ಜೋಡಿ, ಯುಎಸ್‌ಬಿ ತಂತಿಯ ಯುಪಿಎಸ್, ಈ ಮೂರೂ ಇದ್ದರೆ ಮಾತ್ರ. ನಾಲ್ಕು ಡಿಸ್ಕ್ ಇದ್ದಾಗ ಜಾಗ ಉಳಿಸಲೆಂದು ರೇಡ್-ಜೆಡ್ ಮಾದರಿಗೆ ಮನಸ್ಸು ಎಳೆಯುತ್ತದೆ, ಆದರೂ ಎರಡು ಕನ್ನಡಿ ಜೋಡಿಗಳೇ ಇಲ್ಲಿಗೆ ಲೇಸು. ಕೆಟ್ಟ ಡಿಸ್ಕಿನ ಬದಲಿ ಬೇಗ ತುಂಬುತ್ತದೆ, ದೊಡ್ಡ ಡಿಸ್ಕಿಗೆ ಏರುವಾಗ ಒಮ್ಮೆಗೆ ಎರಡನ್ನಷ್ಟೇ ಕೊಂಡರೆ ಆಯಿತು. ಕೊರಿಯರ್ ಬರುವತನಕ ದಿನ ಎಣಿಸುತ್ತ ಕೂರುವ ಊರಲ್ಲಿ ಒಂದು ಹೊಸ ಡಿಸ್ಕನ್ನು ಮೊದಲೇ ತಂದಿಟ್ಟುಕೊಳ್ಳುವುದು ದುಂದಲ್ಲ.

ಬೇರೆಬೇರೆ ಕಾಲದಲ್ಲಿ ಕೊಂಡ 1, 2, 4 ಟಿಬಿ ಡಿಸ್ಕ್‌ಗಳು ಮನೆಯಲ್ಲಿ ರಾಶಿ ಬಿದ್ದಿದ್ದರೆ ಅನ್‌ರೇಡ್ ನೆನಪಾಗುತ್ತದೆ. ಅತಿ ದೊಡ್ಡ ಡಿಸ್ಕ್ ಕೆಟ್ಟದ್ದನ್ನು ಮರಳಿ ಕಟ್ಟಲು ಬೇಕಾದ ಪ್ಯಾರಿಟಿ ಲೆಕ್ಕಕ್ಕೆ, ಉಳಿದವು ಸಂಗ್ರಹಕ್ಕೆ. ಒಂದು ಕೆಟ್ಟರೆ ಮತ್ತೆ ಕಟ್ಟಬಹುದು, ಎರಡು ಕೆಟ್ಟರೂ ಉಳಿದವುಗಳ ಮೇಲಿನ ಫೈಲ್‌ಗಳು ಹಾಗೇ ಇರುತ್ತವೆ, ಏಕೆಂದರೆ ಪ್ರತಿ ಡಿಸ್ಕೂ ತನ್ನಷ್ಟಕ್ಕೆ ಓದಲು ಬರುತ್ತದೆ. ಭಾಗಶಃ ನಷ್ಟವೇ ಹೊರತು ಪೂರ್ತಿ ನಷ್ಟವಿಲ್ಲ ಎಂಬ ಈ ಗುಣವನ್ನು ಇನ್ನಷ್ಟು ಮೆಚ್ಚಬೇಕು. ಆದರೆ ಅದಕ್ಕೆ ಡಾಲರ್ ಲೆಕ್ಕದಲ್ಲಿ ಪರವಾನಗಿ ಬೇಕು. ಅದು ಏಳುವ ಪೆನ್ ಡ್ರೈವ್‌ಗೆ ಆ ಪರವಾನಗಿ ಕಟ್ಟಿಬಿದ್ದಿರುತ್ತದೆ. 2024ರಲ್ಲಿ ಅಗ್ಗದ ಪರವಾನಗಿಗಳಿಗೆ ವರ್ಷದ ನಂತರದ ಹೊಸ ಆವೃತ್ತಿಗಳಿಗೆ ಮತ್ತೆ ಹಣ ಕಟ್ಟುವ ಪದ್ಧತಿ ತಂದರು. ಇದೇ ಗುಣವನ್ನು ಖರ್ಚಿಲ್ಲದೆ ಪಡೆಯಬೇಕೆಂದರೆ ಓಪನ್‌ಮೀಡಿಯಾವಾಲ್ಟ್ ಮೇಲೆ ಮರ್ಜರ್‌ಎಫ್‌ಎಸ್ ಮತ್ತು ಸ್ನ್ಯಾಪ್‌ರೇಡ್ ಹಾಕಿಕೊಳ್ಳಬಹುದು. ರಾತ್ರಿಗೊಮ್ಮೆ ಲೆಕ್ಕ ಕೂಡಿಸುವ ಪದ್ಧತಿಯಾದ್ದರಿಂದ ಅಂದು ಹಾಕಿದ ಫೈಲ್‌ಗೆ ಅಂದು ರಕ್ಷಣೆಯಿಲ್ಲ. ಒಮ್ಮೆ ಬರೆದು ಬದಲಿಸದ ಹಳೆಯ ಮದುವೆ ವಿಡಿಯೊಗಳಿಗೆ ಸಾಕು.

ಮನೆಯಲ್ಲಾಗಲಿ ಓಣಿಯಲ್ಲಾಗಲಿ ಇದನ್ನೆಲ್ಲ ನೋಡಿಕೊಳ್ಳುವವರೇ ಇಲ್ಲದಿದ್ದರೆ ತೈವಾನಿನ ಸಿನಾಲಜಿ, ಕ್ಯುನ್ಯಾಪ್‌ಗಳ ಸಿದ್ಧ ಪೆಟ್ಟಿಗೆ ಕೊಳ್ಳುವುದು ತಪ್ಪಲ್ಲ. ಸಿನಾಲಜಿಯ ಡಿಸ್ಕ್ ವಿನ್ಯಾಸ ಒಳಗೆ ಲಿನಕ್ಸ್‌ನದೇ ಆದ್ದರಿಂದ ಪೆಟ್ಟಿಗೆ ಸತ್ತರೂ ಉಬುಂಟು ಕಂಪ್ಯೂಟರಿನಲ್ಲಿ ಡಿಸ್ಕ್ ಓದುವ ದಾರಿಯನ್ನು ಕಂಪನಿಯೇ ತಿಳಿಸಿಕೊಟ್ಟಿದೆ. 2025ರಲ್ಲಿ ಅದರ ಹೊಸ ಮಾದರಿಗಳು ಕಂಪನಿ ಒಪ್ಪಿದ ಡಿಸ್ಕ್‌ಗಳನ್ನೇ ಬೇಡತೊಡಗಿದವು, ವಿರೋಧ ಬಂದ ಮೇಲೆ ಅದೇ ವರ್ಷ ನಿಯಮ ಸಡಿಲಿಸಿದರು. ರಾಯಚೂರಿನ ಅಂಗಡಿಯಲ್ಲಿ ಸಿಕ್ಕ ಡಿಸ್ಕ್ ಹಾಕಲು ಬರದ ಪೆಟ್ಟಿಗೆ ಸುರಪುರಕ್ಕೆ ತಕ್ಕದ್ದಲ್ಲ ಎಂಬ ಮಾತನ್ನು ಮುಂದೆಯೂ ನೆನಪಿಡಬೇಕು.

ಇದ್ದ ವಿಂಡೋಸ್ ಕಂಪ್ಯೂಟರಿನ ಒಂದು ಫೋಲ್ಡರನ್ನೇ ಎಲ್ಲರಿಗೂ ತೆರೆದಿಡುವುದು ಎಲ್ಲಕ್ಕಿಂತ ಸುಲಭ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸ್ಟುಡಿಯೊಗಳಲ್ಲಿ ಉಳಿದಿರುವ ವಿಂಡೋಸ್ ಎಕ್ಸ್‌ಪಿ ಯಂತ್ರಗಳಿಗಾಗಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ತೆರೆದಿಡುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ ವಾನ್ನಾಕ್ರೈ ಹೊಕ್ಕದ್ದು ಆ ಬಾಗಿಲಿನಿಂದಲೇ. ಹಾಗೆ ತೆರೆದಿಡುವುದು ಬೇಡವೇ ಬೇಡ.

ಕನ್ನಡದ ಫೈಲ್ ಹೆಸರು

ಇಂಗ್ಲಿಷ್ ಕೈಪಿಡಿಗಳು ಹೆಚ್ಚಾಗಿ ಎತ್ತದ, ಕನ್ನಡದಂಥ ಲಿಪಿಗಳಲ್ಲಿ ಬರೆಯುವವರಿಗೆ ಎದುರಾಗುವ ತೊಡಕೊಂದಿದೆ. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ‘ಯಾದಗಿರಿ’ ಎಂಬುದು 21 ಬೈಟ್. ಲಿನಕ್ಸ್‌ನ ಎಕ್ಸ್ಟ್4, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಒಂದು ಫೈಲ್ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದ 85 ಚಿಹ್ನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255 ಚಿಹ್ನೆಗಳೇ ಹಿಡಿಯುತ್ತವೆ. ಆದ್ದರಿಂದ ಊರು, ಕುಟುಂಬ, ಸಂದರ್ಭ, ತಾರೀಕು ಎಲ್ಲವನ್ನೂ ಕನ್ನಡದಲ್ಲಿ ಉದ್ದಕ್ಕೆ ಬರೆದ ಫೈಲ್ ವಿಂಡೋಸ್‌ನಲ್ಲಿ ಸರಿಯಿದ್ದು, ಸರ್ವರ್‌ಗೆ ನಕಲಿಸುವಾಗ ನಿಂತುಬಿಡುತ್ತದೆ. ಸಿನಾಲಜಿಯ ಬೀಗಹಾಕಿದ ಫೋಲ್ಡರ್‌ಗಳ ಹಳೆಯ ಮಾದರಿಯಲ್ಲಿ ಮಿತಿ ಇನ್ನೂ ಕಿರಿದು, 143 ಬೈಟ್. ಕನ್ನಡಕ್ಕೆ 47 ಚಿಹ್ನೆ ಮಾತ್ರ.

ಎರಡನೆಯದು ಇನ್ನೂ ಸೂಕ್ಷ್ಮ. ‘ಕೋಟೆ’ ಎಂಬ ಹೆಸರಿನ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ಚಿಹ್ನೆಗಳಾಗಿ ಒಡೆದೂ ಬರೆಯಬಹುದು. ಮೊದಲ ರೀತಿಯಲ್ಲಿ ಪದ 12 ಬೈಟ್, ಎರಡನೆಯದರಲ್ಲಿ 18. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕ್‌ಗಳು ಒಡೆದು ಬರೆಯುತ್ತಿದ್ದವು, ವಿಂಡೋಸ್ ಕೀಲಿಮಣೆ ಒಂದಾಗಿ ಬರೆಯುತ್ತದೆ. ಎಕ್ಸ್ಟ್4 ಇವನ್ನು ಸಾಮಾನ್ಯವಾಗಿ ಬೇರೆಬೇರೆ ಹೆಸರುಗಳೆಂದೇ ತಿಳಿಯುತ್ತದೆ. ಆದ್ದರಿಂದ ಒಂದೇ ಹೆಸರಿನ ಎರಡು ಫೋಲ್ಡರ್ ಕಂಡು, ಹುಡುಕಿದ್ದು ಒಂದರಲ್ಲಿ ಮಾತ್ರ ಸಿಕ್ಕುವ ಗೊಂದಲ ಹುಟ್ಟುತ್ತದೆ. ಜೆಡ್‌ಎಫ್‌ಎಸ್‌ನಲ್ಲಿ ಈ ವ್ಯತ್ಯಾಸವನ್ನು ಅಳಿಸುವ ಹೊಂದಿಕೆಯಿದೆ, ಆದರೆ ಡೇಟಾಸೆಟ್ ಸೃಷ್ಟಿಸುವಾಗಲೇ ಹಾಕಬೇಕು. ಮುಂದೆ ಬದಲಿಸಲು ಬರುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರು, ಮನೆಯಲ್ಲಿ ಮ್ಯಾಕ್ ಇರುವವರು ಇದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಕನ್ನಡ ಹೆಸರುಗಳನ್ನು ಬಿಟ್ಟು ಇಂಗ್ಲಿಷ್‌ನಲ್ಲಿಡಿ ಎಂಬ ಸಲಹೆ ಈ ಲೇಖನದ್ದಲ್ಲ. ಚಿಕ್ಕದಾಗಿ ಇಡಿ, ವಿವರವನ್ನು ಫೋಲ್ಡರಿನೊಳಗಿನ ಒಂದು ಪಠ್ಯ ಫೈಲ್‌ನಲ್ಲಿ ಬರೆದಿಡಿ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಸಂಕೇತದಲ್ಲಿ ಟೈಪು ಮಾಡಿದ ಕಡತಗಳನ್ನು ಯಾವ ಸರ್ವರ್ ಕೂಡ ಕನ್ನಡವೆಂದು ಗುರುತಿಸದು. ಅದರ ಕಣ್ಣಿಗೆ ಅವು ರೋಮನ್ ಚಿಹ್ನೆಗಳ ಗೋಜಲು. ಹುಡುಕಿದರೆ ಸಿಗಬೇಕೆಂದರೆ ಯುನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಪಕ್ಕದಲ್ಲಿ ಉಳಿಸಬೇಕು.

ದೂರದಿಂದ ತಲುಪುವುದು

ಊರಿನ ಸರ್ವರನ್ನು ಬೆಂಗಳೂರಿನಿಂದ ತೆರೆಯುವ ಆಸೆ ಸಹಜ. ಖಾಸಗಿ ಫೈಬರ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದ ಹಿಂದೆ ನೂರಾರು ಮನೆಗಳಿರುವುದರಿಂದ ಹೊರಗಿನಿಂದ ನೇರವಾಗಿ ತಲುಪಲಾಗದು. ಇದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಸರ್ವರಿನ ಬಾಗಿಲನ್ನು ನೇರ ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯುನ್ಯಾಪ್ ಪೆಟ್ಟಿಗೆಗಳನ್ನು 2021ರಲ್ಲಿ ಕ್ಯುಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಸುಲಿಗೆ ತಂತ್ರಾಂಶಗಳು ಹಿಂಡಿದವು. ವೈರ್‌ಗಾರ್ಡ್ ಎಂಬ ಗೂಢ ಸುರಂಗ 2020ರ ಮಾರ್ಚ್‌ನಿಂದ ಲಿನಕ್ಸ್‌ನ ಭಾಗವೇ ಆಗಿದೆ. ಅದನ್ನೇ ಬಳಸುವ ಟೇಲ್‌ಸ್ಕೇಲ್‌ನಂಥ ಸೇವೆ ವಿಳಾಸದ ತೊಡಕನ್ನೂ ದಾಟಿಸುತ್ತದೆ. ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್, ಅನ್‌ರೇಡ್ ಮೂರರಲ್ಲೂ ಹಾಕಬಹುದು.

ಇನ್ನೊಂದು ಪ್ರತಿ

ರೇಡ್ ಆಗಲಿ ಕನ್ನಡಿ ಜೋಡಿಯಾಗಲಿ ಬ್ಯಾಕಪ್ ಅಲ್ಲ. ಸಿಡಿಲು ಬಡಿದರೆ, ಕೃಷ್ಣೆ ಭೀಮೆಗಳ ನೆರೆ ಹೊಕ್ಕರೆ, ಕಳವಾದರೆ ಜೋಡಿ ಎರಡೂ ಒಟ್ಟಿಗೇ ಹೋಗುತ್ತವೆ. ಇಂಟರ್ನೆಟ್ ಮೂಲಕ ದೂರದ ಪ್ರತಿ ಕಳಿಸಬಹುದು, ಆದರೆ ಸೆಕೆಂಡಿಗೆ 20 ಮೆಗಾಬಿಟ್ ಏರುವೇಗದಲ್ಲಿ 1 ಟಿಬಿ ಹೋಗಲು ಬಿಡುವಿಲ್ಲದೆ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಮೊದಲ ಪ್ರತಿಯನ್ನು ಡಿಸ್ಕಿನಲ್ಲೇ ತುಂಬಿ ಬೆಂಗಳೂರಿನ ಬಂಧುಗಳ ಮನೆಗೆ ಒಯ್ದು, ನಂತರದ ಬದಲಾವಣೆಗಳನ್ನಷ್ಟೇ ಆರ್‌ಸಿಂಕ್ ಅಥವಾ ಜೆಡ್‌ಎಫ್‌ಎಸ್ ಮೂಲಕ ರಾತ್ರಿ ಕಳಿಸುವುದು ಕೈಗೂಡುವ ದಾರಿ. ಹಬ್ಬಕ್ಕೆ ಊರಿಗೆ ಬಂದಾಗ ಎರಡು ಡಿಸ್ಕ್‌ಗಳನ್ನು ಅದಲುಬದಲು ಮಾಡಿಕೊಳ್ಳುವುದೂ ನಡೆಯುತ್ತದೆ. ಹಾಗೆ ಪ್ರಯಾಣ ಮಾಡುವ ಡಿಸ್ಕಿಗೆ ಗೂಢಲಿಪಿ ಬೀಗ ಹಾಕಿರಬೇಕು.

ಬೀಗದ ಗುಪ್ತಪದ ಒಬ್ಬರ ತಲೆಯಲ್ಲೇ ಉಳಿದರೆ ಬೀಗವೇ ನಷ್ಟಕ್ಕೆ ಕಾರಣವಾಗುತ್ತದೆ. ಜೆಡ್‌ಎಫ್‌ಎಸ್‌ನ ಅಥವಾ ಲಿನಕ್ಸ್‌ನ ಗೂಢಲಿಪಿಗೆ ಹಿಂಬಾಗಿಲಿಲ್ಲ. ಯಾವ ಆಪರೇಟಿಂಗ್ ಸಿಸ್ಟಂ, ಯಾವ ಆವೃತ್ತಿ, ಯಾವ ಡಿಸ್ಕಿಗೆ ಯಾವುದು ಜೋಡಿ, ಡಿಸ್ಕ್‌ಗಳ ಸರಣಿ ಸಂಖ್ಯೆ, ಗುಪ್ತಪದ, ಹೊಂದಿಕೆಗಳ ಫೈಲ್ ಎಲ್ಲಿದೆ, ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಮನೆಯ ಪಹಣಿ, ಕ್ರಯಪತ್ರಗಳಿರುವ ಪೆಟ್ಟಿಗೆಯಲ್ಲಿಡಬೇಕು. ಟ್ರೂನ್ಯಾಸ್, ಅನ್‌ರೇಡ್ ಎರಡೂ ತಮ್ಮ ಹೊಂದಿಕೆಗಳನ್ನು ಒಂದು ಫೈಲ್ ಆಗಿ ಇಳಿಸಿಕೊಡುತ್ತವೆ. ಪ್ರತಿ ದೊಡ್ಡ ಬದಲಾವಣೆಯ ನಂತರ ಅದನ್ನು ಹೊಸದಾಗಿ ಇಳಿಸಿ ಸರ್ವರಿನ ಹೊರಗೆ ಎತ್ತಿಡಬೇಕು. ಹೊಸ ಆವೃತ್ತಿಗೆ ಏರಿದ ಮೇಲೆ ಜೆಡ್‌ಎಫ್‌ಎಸ್ ಕಣಜವನ್ನೂ ನವೀಕರಿಸಿ ಎಂದು ಪರದೆ ಸೂಚಿಸುತ್ತದೆ. ಒಮ್ಮೆ ನವೀಕರಿಸಿದರೆ ಹಳೆಯ ಆವೃತ್ತಿ ಆ ಕಣಜವನ್ನು ತೆರೆಯಲಾರದು, ಆದ್ದರಿಂದ ಹೊಸದು ಕೆಲವು ತಿಂಗಳು ಸರಿಯಾಗಿ ಓಡುವವರೆಗೆ ಆ ಗುಂಡಿಯನ್ನು ಒತ್ತದಿರುವುದು ಕ್ಷೇಮ.